ಉಪವಾಸದ ದಿನದ ಲೇಹ್ಯ

ದ್ವಾದಶಿಯ ಬೆಳಗ್ಗೆ ಆರೂಕಾಲು ಗಂಟೆಗೆ ನಮ್ಮವರು ಪಾನಕದ ಲೋಟ ಕೈಗೆ ತೆಗೆದುಕೊಂಡರು. ಒಂದೇ ಉಸಿರಿಗೆ ಕುಡಿದು ಇನ್ನೊಂದು ಲೋಟ ಕೇಳಿದರು. ಅದನ್ನೂ ಕುಡಿದರು. ಮತ್ತೆ ಕೈ ಚಾಚಿದವರು ಹಾಗೇ ಗೋಡೆಗೆ ಒರಗಿ, ಕುಡಿದದ್ದನ್ನೆಲ್ಲ ಎಲೆಯ ಮೇಲೆ ಕಕ್ಕಿ, ಪಕ್ಕಕ್ಕೆ ಉರುಳಿದರು. ಗಂಟೆ ನನಗೆ ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣವಿದೆ. ಹಿಂದಿನ ದಿನದ ಏಕಾದಶಿ ಉಪವಾಸವನ್ನು ಮುರಿಯುವ ಪಾರಣೆಯ ಹೊತ್ತು ಮೀರಬಾರದೆಂದು ಮಾವನವರು ಬೆಳಗಿನಿಂದ ನನ್ನನ್ನೇ ಗಡಿಯಾರ ನೋಡಲು ಓಡಾಡಿಸುತ್ತಿದ್ದರು.

ಬೇಸಿಗೆಯಲ್ಲಿ ಉಪವಾಸ ಮಾಡಿದವರಿಗೆ ತಲೆ ಸುತ್ತುವುದು ನಮ್ಮ ಮನೆಯಲ್ಲಿ ದೊಡ್ಡ ಸುದ್ದಿಯಲ್ಲ. ಆದೋನಿಯ ವೈಶಾಖದಲ್ಲಿ ಬಂಡೆಗಳು ರಾತ್ರಿಯೂ ಕಾವು ಬಿಡುವುದಿಲ್ಲ. ಅಂಥದ್ದರಲ್ಲಿ ಇಡೀ ದಿನ ನೀರು ಸಹ ಮುಟ್ಟದ ನಿರ್ಜಲ ಉಪವಾಸ. ಅತ್ತೆ ಓಡಿಬಂದು ಮಗನ ಮುಖಕ್ಕೆ ನೀರು ಚಿಮುಕಿಸಿದರು.

"ಉಷ್ಣ ಆಗ್ಯದ, ಮತ್ತೇನಿಲ್ಲ. ಇನ್ನೊಂಚೂರು ಬೆಲ್ಲದ ನೀರು ಬಾಯಾಗ ಬಿಡ್ತೀನಿ, ತಲಿ ಹಿಡಕೋ" ಎಂದರು.

ನಾನು ತಲೆ ಹಿಡಿದುಕೊಂಡೆ. ಆಗ ನಮ್ಮವರ ಉಸಿರು ನನ್ನ ಮುಖಕ್ಕೆ ಬಡಿಯಿತು. ಓಡಿಬಂದವರ ಹಾಗೆ ಆಳವಾಗಿ, ಬಿಡುವಿಲ್ಲದೆ ಎಳೆಯುತ್ತಿದ್ದರು. ಅದರಲ್ಲಿ ಕೊಳೆತ ಬಾಳೆಹಣ್ಣಿನಂಥ ಸಿಹಿ ವಾಸನೆಯಿತ್ತು. ಹಸಿದ ಬಾಯಿಯ ವಾಸನೆ ನನಗೆ ಗೊತ್ತು. ಇದು ಅದಲ್ಲ.

"ಪಾನಕ ಬ್ಯಾಡ್ರಿ" ಎಂದೆ. "ದವಾಖಾನಿಗೆ ಹೋಗೋಣು."

ಅದು ಎಪ್ಪತ್ತರ ದಶಕದ ಕೊನೆ. ನಮ್ಮವರಿಗೆ ಮೂವತ್ತನಾಲ್ಕು ವರ್ಷ. ಒಂದು ಹತ್ತಿ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದರು. ಸಂಜೆ ಮನೆಗೆ ಬಂದಾಗ ಹುಬ್ಬಿನ ಮೇಲೂ ಹತ್ತಿಯ ಎಳೆ ಅಂಟಿರುತ್ತಿತ್ತು. ಮಾವನವರು ತುಂಗಭದ್ರೆಯ ದಂಡೆಯ ಮಾಧವರಂನಿಂದ ಬಂದು ನೆಲೆಸಿದ ವೈಷ್ಣವ ವಿದ್ವಾಂಸರು. ಪಾಠ, ಪೂಜೆ, ಪಂಚಾಂಗ ಅವರ ಪ್ರಪಂಚ. ನಾನು ಬಳ್ಳಾರಿಯಲ್ಲಿ ಬಿ.ಎಸ್ಸಿ. ಮುಗಿಸಿ ಸೊಸೆಯಾಗಿ ಬಂದವಳು.

ಮದುವೆಯಾದ ಮೊದಲ ನಾಲ್ಕು ವರ್ಷ ನಮ್ಮ ಹಾಸಿಗೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಇದನ್ನು ಹೀಗೆ ನೇರವಾಗಿ ಬರೆಯುವುದು ನನಗೆ ಕಷ್ಟವಲ್ಲ. ನಾಚಿಕೆ ಮನುಷ್ಯನನ್ನು ಎಲ್ಲಿಯವರೆಗೆ ಕರೆದೊಯ್ಯುತ್ತದೆ ಎಂಬುದನ್ನು ಕಣ್ಣಾರೆ ನೋಡಿದ್ದೇನೆ. ಐದನೆಯ ವರ್ಷ ಅವರ ಶರೀರ ಮಾತು ಕೇಳುವುದನ್ನು ಬಿಟ್ಟಿತು. ಮೊದಲು ಅಪರೂಪಕ್ಕೊಮ್ಮೆ, ಆಮೇಲೆ ಬಹಳ ಸಲ, ಕೊನೆಗೆ ಪೂರ್ತಿ. ಆಸೆ ಇತ್ತು, ಪ್ರೀತಿ ಇತ್ತು, ನಿಮಿರುವುದು ಮಾತ್ರ ಆಗುತ್ತಿರಲಿಲ್ಲ. ಮೊದಮೊದಲು ದಣಿವು ಎಂದುಕೊಂಡೆವು. ಆಮೇಲೆ ಅವರು ಮಿಲ್ಲಿನಲ್ಲಿ ಕೆಲಸ ಹೆಚ್ಚಾಗಿದೆ ಎಂದು ತಡವಾಗಿ ಬರತೊಡಗಿದರು. ಬಂದವರು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರು.

ಹೊರಗಿನವರಿಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದದ್ದು ನನ್ನ ಮಡಿಲು ತುಂಬಿಲ್ಲ ಎಂಬುದು ಮಾತ್ರ. "ಓದಿದ ಹುಡುಗೀರದು ಎಲ್ಲಾ ನಿಧಾನ. ಮೊದಲು ಪೇಪರ್ ಓದಬೇಕು, ಆಮ್ಯಾಲೆ ಹಡೀಬೇಕು" ಎಂದು ಅತ್ತೆ ಕಟ್ಟೆಯ ಮೇಲೆ ಕೂತವರ ಮುಂದೆ ಹೇಳಿ ನಗಿಸುತ್ತಿದ್ದರು. ನಮ್ಮವರು ಅದೇ ವರ್ಷ ಸೊರಗುತ್ತ ಬಂದಿದ್ದರು. ಅಂಗಿಗಳು ಗೂಟಕ್ಕೆ ತೂಗುಹಾಕಿದ ಹಾಗೆ ಕಾಣುತ್ತಿದ್ದವು. "ಏನ್ರಿ ಗುಮಾಸ್ತ್ರ, ಮನ್ಯಾಗ ಉಣ್ಣಾಕ ಹಾಕಲ್ಲೇನು? ಹತ್ತಿ ಜೋಡಿ ನಿಮ್ಮನ್ನೂ ಗಾಳಿ ಹೊತ್ಕೊಂಡು ಹೊಕ್ಕೈತಿ" ಎಂದು ಮಿಲ್ಲಿನ ಹಮಾಲರು ತಮಾಷೆ ಮಾಡುತ್ತಿದ್ದರಂತೆ. ನಮ್ಮವರು ನೀರು ಕುಡಿಯುವುದೂ ಹೆಚ್ಚಾಗಿತ್ತು, ರಾತ್ರಿ ಎದ್ದು ಹೋಗುವುದೂ ಹೆಚ್ಚಾಗಿತ್ತು. ಒಳಗೆ ಚಿಂತೆ ಇರುವವನು ತೆಳ್ಳಗಾಗುತ್ತಾನೆ, ಚಿಂತೆ ಇರುವವನಿಗೆ ನಿದ್ದೆ ಬರುವುದಿಲ್ಲ, ನಿದ್ದೆ ಬಾರದವನು ನೀರು ಕುಡಿಯುತ್ತಾನೆ, ನೀರು ಕುಡಿದವನು ಏಳುತ್ತಾನೆ. ಎಲ್ಲಕ್ಕೂ ಅರ್ಥ ಹೊಂದಿಕೊಳ್ಳುತ್ತಿತ್ತು.

ಲೇಹ್ಯ ಸಿಕ್ಕಿದ್ದು ಪೆದ್ದಹರಿವಾಣಂನಲ್ಲಿ. ಅವರು ಮಿಲ್ಲಿನ ಕೆಲಸಕ್ಕೆ ಹೋದಾಗ ಅಲ್ಲಿ ಗಂಡಸರ ಔಷಧ ಮಾರುವವನೊಬ್ಬ ಡೇರೆ ಹಾಕಿಕೊಂಡು ಕೂತಿದ್ದ. ಆದೋನಿಯಲ್ಲಾದರೆ ನಮ್ಮವರು ಅಂಥ ಡೇರೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅಲ್ಲಿ ಅವರನ್ನು ಬಲ್ಲವರು ಯಾರೂ ಇರಲಿಲ್ಲ. ಮನೆಗೆ ಬಂದು, ಬಾಗಿಲು ಮುಂದೆ ಮಾಡಿ, ಗಾಜಿನ ಭರಣಿ ತೋರಿಸಿ ಅವನ ಮಾತನ್ನು ಅವನ ಧಾಟಿಯಲ್ಲೇ ಹೇಳಿದರು:

"ಅಣ್ಣಾ, ತಾಕತ್ತು ಬೇಕಂದ್ರ ನಾಚಬಾರದು. ಖಾಲಿ ಹೊಟ್ಟ್ಯಾಗ ಒಂದು ಚಮಚ. ಉಪಾಸದ ದಿನ ಎಷ್ಟು ತಿಂತೀಯೋ ಅಷ್ಟು ಬಲ. ಗುರ್ರಂ ಅವುತಾವು, ಗುರ್ರಂ! ಕುದುರಿ ಆಗ್ತಿ!"

"ಕುದುರಿಗೆ ಹುರುಳಿ ಹಾಕ್ತಾರ್ರಿ, ಬೆಲ್ಲ ಅಲ್ಲ" ಎಂದೆ. ಭರಣಿಯ ತುಂಬ ಬೆಲ್ಲ, ಜೇನು, ತುಪ್ಪದ ಜಿಗುಟು. ಮೂಗಿಗೆ ಶುಂಠಿ, ಜಾಕಾಯಿ. ತಿಂಗಳುಗಟ್ಟಲೆ ನಗದವರು ಅಂದು ನಕ್ಕರು. ಆ ನಗುವಿಗಾಗಿ ನಾನು ಅಷ್ಟಕ್ಕೇ ಸುಮ್ಮನಾದೆ.

ಮುಂದೆ ಬಂದ ಏಕಾದಶಿಯನ್ನು ಅವರು ಹಬ್ಬದಂತೆ ಕಾದರು. ಅಂದು ನಮ್ಮ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ದೊಡ್ಡವರು ನೀರೂ ಕುಡಿಯುವುದಿಲ್ಲ. ಆದರೆ ಕಾಯಿಲೆಯವರು ಔಷಧ ತೆಗೆದುಕೊಂಡರೆ ವ್ರತ ಕೆಡುವುದಿಲ್ಲವೆಂದು ಮಾವನವರೇ ಎಷ್ಟೋ ಜನಕ್ಕೆ ಹೇಳಿದ್ದರು. ಬೆಳಗ್ಗೆ, ಮಧ್ಯಾಹ್ನ, ಸಂಜೆ, ಮಗ ಕೋಣೆಗೆ ಹೋಗಿ ಲೇಹ್ಯ ತಿಂದು ಬರುತ್ತಿದ್ದುದು ಅವರಿಗೆ ಗೊತ್ತಿರಲಿಲ್ಲ. ಸಂಜೆಯ ಹೊತ್ತಿಗೆ ನಮ್ಮವರ ನಾಲಿಗೆ ಒಣಗಿ ಮಾತು ತೊದಲುತ್ತಿತ್ತು. ಭರಣಿಯ ತಳ ಕಾಣುತ್ತಿತ್ತು.

"ಏಕಾದಶಿ ದಿನ ಇಷ್ಟು ತಿಂತೀರಲ್ಲ?"

"ಔಷಧಕ್ಕ ದೋಷ ಇಲ್ಲ. ಅಪ್ಪನ ಹೇಳ್ತಾರ."

"ಹಂಗಾದ್ರ ಒಂದು ಲೋಟ ನೀರೂ ಕುಡೀರಿ."

"ನೀರು ಔಷಧ ಅಲ್ಲಲ್ಲ" ಎಂದರು. ಶಾಸ್ತ್ರಕ್ಕೆ ಎಳ್ಳಷ್ಟೂ ಭಂಗ ಬಾರದಂತೆ ಅವರು ಇಡೀ ದಿನ ಬೆಲ್ಲ ತಿಂದರು, ಒಂದು ಹನಿ ನೀರು ಕುಡಿಯಲಿಲ್ಲ. ಹೀಗೆ ತಪ್ಪು ಮಾಡಲು ನಮ್ಮಂಥವರ ಮನೆಯಲ್ಲೇ ಹುಟ್ಟಬೇಕು.

ಮರುದಿನ ಬೆಳಗ್ಗೆ ದವಾಖಾನೆಗೆ ಹೊರಟ ಜಟಕಾದಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು. ಮಾವನವರು ಮುಂದೆ, ಗಾಡಿಯವನ ಪಕ್ಕ ಕೂತಿದ್ದರು. "ಗಟ್ಟಿ ಹಿಡ್ಕೋರೆವಾ, ಈ ರಸ್ತಾ ಕುದುರಿಗೂ ತಪ್ಪಿಲ್ಲ, ನಮಗೂ ತಪ್ಪಿಲ್ಲ" ಎನ್ನುತ್ತ ಅವನು ಚಾಟಿ ಬೀಸಿದ. ಸ್ಟೇಷನ್ ಕಡೆಯ ಆ ಚಿಕ್ಕ ನರ್ಸಿಂಗ್ ಹೋಮಿನ ಡಾಕ್ಟರು ಐವತ್ತು ದಾಟಿದವರು. ತೆಲುಗು ಮನೆಮಾತು, ಆದರೆ ಕನ್ನಡದವರ ಜೊತೆ ಎರಡನ್ನೂ ಕಲಸಿ ಮಾತನಾಡುತ್ತಿದ್ದರು.

"ಏಮೈಂದಿ ಸ್ವಾಮಿ? ಏನಾಯ್ತು?"

"ಏಕಾದಶಿ ಅಂಡಿ. ನಿನ್ನಟಿ ನುಂಚಿ ಏಮೀ ತಿನಲೇದು" ಎಂದರು ಮಾವನವರು. ನಿನ್ನೆಯಿಂದ ಏನೂ ತಿಂದಿಲ್ಲ. ಆ ಮಾತಿನಲ್ಲಿ ಗಾಬರಿಯ ಜೊತೆಗೆ ಸ್ವಲ್ಪ ಹೆಮ್ಮೆಯೂ ಇತ್ತು. ಮಗ ಅಷ್ಟು ನಿಷ್ಠೆಯವನು.

ಡಾಕ್ಟರು ನಾಡಿ ಹಿಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು. "ಈ ಬಿಸಿಲಲ್ಲಿ ನಿರಾಹಾರ! ಸಕ್ಕರೆ ಇಳಿದಿರುತ್ತೆ. ಗ್ಲೂಕೋಸ್ ಎಕ್ಕಿಸ್ತಾಂ, ಏರಿಸ್ತೀವಿ, ಸಾಯಂಕಾಲ ಎದ್ದು ಕೂತ್ಕೋತಾನೆ" ಎಂದರು. ಉಪವಾಸದಿಂದ ಬಿದ್ದವನಿಗೆ ಯಾವ ಡಾಕ್ಟರಾದರೂ ಅದನ್ನೇ ಮಾಡುತ್ತಿದ್ದರು. ಕಾಂಪೌಂಡರ್ ಬಾಟಲಿ ತೂಗುಹಾಕಿದ. ಸೂಜಿ ಚುಚ್ಚಿ ಪಟ್ಟಿ ಅಂಟಿಸಿದ. ಇನ್ನು ನಳಿಕೆಯ ಕ್ಲಿಪ್ಪನ್ನು ಸಡಿಲಿಸುವುದಷ್ಟೇ ಬಾಕಿ.

ನಾನು ಇವತ್ತಿಗೂ ಅಲ್ಲಿಗೇ ಹಿಂತಿರುಗುತ್ತೇನೆ. ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕೂತಾಗ, ಯಾರದೋ ಮದುವೆಯಲ್ಲಿ ಊಟಕ್ಕೆ ಕಾಯುವಾಗ, ಆ ಕ್ಲಿಪ್ಪಿನ ಮೇಲೆ ಕಾಂಪೌಂಡರನ ಹೆಬ್ಬೆರಳು ಕಾಣುತ್ತದೆ.

"ತಡೀರಿ" ಎಂದೆ. "ಅವರು ತಿಂದಾರ."

ಮಾವನವರು ನನ್ನ ಕಡೆ ತಿರುಗಿದರು. "ಏನ್ ತಿಂದಾನ? ಏಕಾದಶಿ ದಿನ ಏನ್ ತಿಂದಾನವಾ?"

"ಲೇಹ್ಯ. ಒಂದು ಭರಣಿ ಪೂರ್ತಿ."

"ಯಾತರ ಲೇಹ್ಯ?"

ನಮ್ಮವರಿಗೆ ಪೂರ್ತಿ ಎಚ್ಚರ ತಪ್ಪಿರಲಿಲ್ಲ. ಮಂಚದ ಮೇಲಿನಿಂದ ಅವರ ಕೈ ತಡವಿ ಬಂದು ನನ್ನ ಸೆರಗನ್ನು ಹಿಡಿಯಿತು. "ಬ್ಯಾಡ" ಎಂದರು. ತುಟಿಯಷ್ಟೇ ಅಲುಗಿತು. ಸಾಯುತ್ತಿದ್ದರು, ಆದರೂ ಅಪ್ಪನ ಮುಂದೆ ಆ ಮಾತು ಬೇಡವಾಗಿತ್ತು. ನಾನು ಸೆರಗನ್ನು ಬಿಡಿಸಿಕೊಳ್ಳಲಿಲ್ಲ. ಹಾಗೇ ನಿಂತು ಹೇಳಿದೆ:

"ಗಂಡಸ್ತನದ ಲೇಹ್ಯರಿ. ಒಂದು ವರ್ಷ ಆತು, ಇವರಿಗೆ ನಿಮಿರೂದಿಲ್ಲ. ಅದಕ್ಕ ತಿಂದಾರ. ಬರೇ ಬೆಲ್ಲ, ಜೇನು. ಬೆಳಿಗ್ಗೆ ಮತ್ತ ಎರಡು ಲೋಟ ಪಾನಕ ಕುಡಿದಾರ."

ಕಾಂಪೌಂಡರ್ ನೆಲ ನೋಡಿದ. ಡಾಕ್ಟರು ನಗಲಿಲ್ಲ, ಮುಖವನ್ನೂ ಗಂಟಿಕ್ಕಲಿಲ್ಲ. ಹೆಜ್ಜೆ ಮುಂದಿಟ್ಟು ಕ್ಲಿಪ್ಪನ್ನು ತಾವೇ ಬಿಗಿ ಮಾಡಿದರು.

"ವರ್ಷದ ಹಿಂದೆ ಸರಿ ಇತ್ತಾ ಅಮ್ಮಾ?"

"ಇತ್ತರಿ."

"ತೆಳ್ಳಗಾಗಿದ್ದು ಯಾವಾಗಿಂದ?"

"ಅವಾಗಿಂದನ."

"ನೀರು ಜಾಸ್ತಿ ಕುಡಿತಾನಾ? ರಾತ್ರಿ ಎದ್ದು ಹೋಗ್ತಾನಾ?"

"ಎರಡೂ ಹೌದರಿ."

ಅವರು ಬಗ್ಗಿ ನಮ್ಮವರ ಉಸಿರನ್ನು ಮೂಸಿದರು. ಹೇಗೋ ಸ್ವಲ್ಪ ಮೂತ್ರ ಹಿಡಿಸಿದರು. ಸ್ಪಿರಿಟ್ ದೀಪದ ಮೇಲೆ ಗಾಜಿನ ನಳಿಕೆಯಲ್ಲಿ ನೀಲಿ ದ್ರಾವಣ ಕಾಯುವುದನ್ನು ನೋಡುತ್ತ ನಿಂತೆ. ಅದು ನನಗೆ ಪರಿಚಯದ ನೀಲಿ. ಬಳ್ಳಾರಿಯ ಕಾಲೇಜಿನಲ್ಲಿ ಅದಕ್ಕೆ ದ್ರಾಕ್ಷಿ ಸಕ್ಕರೆಯ ನೀರು ಹಾಕಿ, ಬಣ್ಣ ತಿರುಗಿದಾಗ ಗೆಳತಿಯರೆಲ್ಲ ಚಪ್ಪಾಳೆ ತಟ್ಟಿದ್ದೆವು. ಇಲ್ಲಿ ಎಂಟು ಹನಿ ಮೂತ್ರ ಬಿದ್ದ ಮೇಲೆ ನೀಲಿ ಹಸಿರಾಯಿತು, ಹಸಿರು ಹಳದಿಯಾಗಿ, ನೋಡನೋಡುತ್ತಲೇ ಇಟ್ಟಿಗೆಯ ಕೆಂಪಿಗೆ ಬಂದು ನಿಂತಿತು. ಡಾಕ್ಟರು ಬಾಯಿ ತೆರೆಯುವ ಮೊದಲೇ ಆ ಕೆಂಪಿನ ಅರ್ಥ ನನಗೆ ಗೊತ್ತಿತ್ತು.

"ಸಕ್ಕರೆ ಕಾಯಿಲೆ" ಎಂದರು ಮಾವನವರಿಗೆ. "ನಿಮ್ಮ ಕೋಡಲು ಬಾಯಿ ಮುಚ್ಚಿಕೊಂಡಿದ್ದರೆ ನಾನು ಈ ಬಾಟಲಿ ಬಿಟ್ಟಿರ್ತಿದ್ದೆ. ಸಂಜೆಗೆ ಏನಾಗ್ತಿತ್ತೋ ಹೇಳಲಾರೆ." ಕೋಡಲು ಎಂದರೆ ಸೊಸೆ.

ಗ್ಲೂಕೋಸಿನ ಬದಲು ಉಪ್ಪು ನೀರಿನ ಬಾಟಲಿ ಬಂತು. ಇನ್ಸುಲಿನ್ ಚುಚ್ಚಿದರು. ಗಂಟೆಗೊಮ್ಮೆ ನೀಲಿ ದ್ರಾವಣ ಕಾಯಿಸಿದರು. ಮಾವನವರು ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಮಧ್ಯಾಹ್ನದ ಹೊತ್ತಿಗೆ ನಮ್ಮವರ ಉಸಿರು ಸಣ್ಣದಾಯಿತು, ಸಮನಾಯಿತು. ಮರುದಿನ ಕಣ್ಣು ಬಿಟ್ಟು, ನನ್ನನ್ನು ನೋಡಿ, ಮುಖ ತಿರುಗಿಸಿಕೊಂಡರು.

"ಎಲ್ಲಾರ ಮುಂದೂ ಹೇಳಿಬಿಟ್ಟಿ."

"ಹೇಳಿದೆ. ಮುಖ ತಿರುಗಿಸ್ಲಿಕ್ಕೆ ಜೀವ ಅದ ಅಲ್ಲ, ಅಷ್ಟು ಸಾಕು ನನಗ."

ಆಗ ಒಳಗೆ ಬಂದ ಮಾವನವರು ಮಂಚದ ತುದಿಯಲ್ಲಿ ಕೂತರು. ಬಹಳ ಹೊತ್ತು ಮಗನ ಪಾದ ಹಿಡಿದುಕೊಂಡಿದ್ದರು. ಆಮೇಲೆ ಡಾಕ್ಟರನ್ನು ಕೇಳಿದ್ದು ಒಂದೇ ಪ್ರಶ್ನೆ. ಇನ್ಸುಲಿನ್ ಯಾವುದರಿಂದ ಮಾಡುತ್ತಾರೆಂದು ಅವರು ಕಾಂಪೌಂಡರನ ಬಾಯಿಂದ ಕೇಳಿದ್ದರು. "ಪಶುವಿನ ಹೊಟ್ಟೆಯೊಳಗಿನಿಂದ ತೆಗೀತಾರಂತೆ, ನಿಜ ಏನ್ರಿ?"

"ನಿಜ ಸ್ವಾಮಿ. ಬೇರೆ ದಾರಿ ಇಲ್ಲ. ದಿನಾ ಚುಚ್ಚಬೇಕು, ಜೀವ ಇರೋ ತನಕ."

ನಾನು ಮಾವನವರ ಮುಖ ನೋಡಿದೆ. ಮಡಿಯಿಲ್ಲದ ನೀರನ್ನೂ ಮುಟ್ಟದವರು ಅವರು. ಆದರೆ ಅವರು ಕಣ್ಣು ಮುಚ್ಚಿ, ತೆರೆದು, ಪಾಠ ಹೇಳುವ ಧ್ವನಿಯಲ್ಲೇ ಹೇಳಿದರು: "ಔಷಧಕ್ಕ ದೋಷ ಇಲ್ಲ. ಚುಚ್ಚರಿ." ಮಗನ ಕಡೆ ತಿರುಗಿ, "ಇನ್ನ ಮ್ಯಾಲೆ ನಿನಗ ಏಕಾದಶಿ ಇಲ್ಲ. ದೇಹ ನೆಟ್ಟಗಿಲ್ಲದವಗ ಉಪವಾಸ ವಿಧಿಸಿಲ್ಲ. ನೀ ಮೊದಲ ಕೇಳಿದ್ರ ಮೊದಲ ಹೇಳ್ತಿದ್ದೆ" ಎಂದರು.

ಮನೆಗೆ ಬಿಡುವ ಮುನ್ನ ಡಾಕ್ಟರು ನಮ್ಮಿಬ್ಬರನ್ನೇ ಕೂರಿಸಿಕೊಂಡರು. ಗಂಡ-ಹೆಂಡತಿಯನ್ನು ಒಟ್ಟಿಗೆ ಕೂರಿಸಿ ಈ ವಿಷಯ ಮಾತನಾಡುವವರು ಆ ಕಾಲಕ್ಕೆ ಆದೋನಿಯಲ್ಲಿ ಬೇರೆ ಯಾರಿದ್ದರೋ ಗೊತ್ತಿಲ್ಲ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಏರಿದ್ದರೆ ಸಣ್ಣ ನರಗಳಿಗೂ ಸಣ್ಣ ರಕ್ತನಾಳಗಳಿಗೂ ಪೆಟ್ಟು ಬೀಳುತ್ತದೆ, ಎಷ್ಟೋ ಗಂಡಸರಿಗೆ ಕಾಯಿಲೆ ಮೊದಲು ಬಾಗಿಲು ತಟ್ಟುವುದೇ ಅಲ್ಲಿ ಎಂದರು. ತಟ್ಟಿದ್ದನ್ನು ಕೇಳಿಸಿಕೊಂಡು ಡಾಕ್ಟರ ಬಳಿ ಬಂದರೆ ಜೀವ ಉಳಿಯುತ್ತದೆ, ನಾಚಿ ಡೇರೆಗೆ ಹೋದರೆ ಹೀಗಾಗುತ್ತದೆ.

"ಮತ್ತ ಸರಿ ಹೋಗ್ತದೇನ್ರಿ?" ಎಂದು ನಮ್ಮವರು ನೆಲ ನೋಡುತ್ತ ಕೇಳಿದರು.

"ಮಾತು ಕೊಡಲ್ಲ. ಸಕ್ಕರೆ ಹತೋಟಿಗೆ ಬಂದರೆ ಸ್ವಲ್ಪ ಮರಳಬಹುದು. ನಸ್ಯದ ಡಬ್ಬಿ ಇದೆಯಲ್ಲ ಜೇಬಲ್ಲಿ, ತಂಬಾಕು ಅದು, ಎಸೆದುಬಿಡು. ಇನ್ನೊಂದು. ಎರಡು ತಿಂಗಳು ಪ್ರಯತ್ನವೇ ಮಾಡಬೇಡಿ. ಪಕ್ಕದಲ್ಲಿ ಮಲಗಿ, ಕೈ ಹಿಡ್ಕೊಳ್ಳಿ, ಮಾತಾಡಿ. ಪರೀಕ್ಷೆ ಬರೆಯೋ ಹುಡುಗನ ಹಾಗೆ ಪ್ರತಿ ರಾತ್ರಿ ಹೆದರಿಕೊಂಡರೆ ಗಟ್ಟಿ ಇರೋನದ್ದೂ ಬೀಳುತ್ತೆ."

ಗಾಡಿಯಲ್ಲಿ ಬರುವಾಗ ನಮ್ಮವರು ಬಹಳ ದಿನಗಳ ಮೇಲೆ ತಾವಾಗಿಯೇ ಮಾತು ತೆಗೆದರು. "ಚಾತುರ್ಮಾಸ್ಯದಾಗ ತರಕಾರಿ ಬಿಡ್ತೀವಿ, ಹಾಲು ಬಿಡ್ತೀವಿ. ಡಾಕ್ಟರು ಇದೊಂದು ಹೊಸ ವ್ರತ ಹೇಳಿದ್ರು ನೋಡು."

"ಇದರಾಗ ನೀರು ಕುಡೀಬಹುದು" ಎಂದೆ.

ಮನೆಯ ವ್ಯವಸ್ಥೆ ಬದಲಾಯಿತು. ಗಾಜಿನ ಸಿರಿಂಜನ್ನು ಕುದಿಸಲು ಅತ್ತೆ ಹಿತ್ತಲಲ್ಲಿ ಬೇರೆ ಒಲೆ ಹೂಡಿಕೊಟ್ಟರು. ಫ್ರಿಜ್ ಎಂಬುದನ್ನು ನಾವು ಮಿಲ್ಲಿನ ಮಾಲೀಕರ ಮನೆಯಲ್ಲಷ್ಟೇ ನೋಡಿದ್ದೆವು. ಇನ್ಸುಲಿನ್ ಸೀಸೆಯನ್ನು ಒದ್ದೆ ಮರಳಿನ ಮೇಲಿಟ್ಟ ಮಣ್ಣಿನ ಕೊಡದಲ್ಲಿ ಕಾಪಾಡಿದೆವು. ಚುಚ್ಚುವುದನ್ನು ನಾನು ಕಲಿತೆ. ಬೆವರು, ನಡುಕ ಬಂದರೆ ಸಕ್ಕರೆ ಕೆಳಗಿಳಿದಿದೆ ಎಂದರ್ಥ, ಆಗ ತಡಮಾಡದೆ ಸಕ್ಕರೆ ಕೊಡಬೇಕು ಎಂದು ಡಾಕ್ಟರು ಎಚ್ಚರಿಸಿದ್ದರು. ಇಷ್ಟು ದಿನ ವಿಷವಾಗಿದ್ದನ್ನೇ ಪೊಟ್ಟಣ ಕಟ್ಟಿ ಅವರ ಅಂಗಿಯ ಜೇಬಿಗೆ ಹಾಕಿ ಕಳಿಸಬೇಕಾಯಿತು. ಅತ್ತೆ ಕಟ್ಟೆಯ ಮೇಲಿನ ಮಾತನ್ನು ನಿಲ್ಲಿಸಿದರು. ಪೆದ್ದಕಡುಬೂರಿನಿಂದ ಬಂದ ಅವರ ತಂಗಿ, "ಇನ್ನೂ ಏನೂ ವಿಶೇಷ ಇಲ್ಲೇನು?" ಎಂದಾಗ, "ಇರೋದು ಉಳಿದದ, ಅದ ವಿಶೇಷ. ಚಾ ಕುಡಿ" ಎಂದರು.

ಆದರೆ ನಿದ್ದೆ ಬರಲಿಲ್ಲ. ಮಲಗಿದ ಸ್ವಲ್ಪ ಹೊತ್ತಿಗೇ ಆ ಆಳವಾದ ಉಸಿರು ಕೇಳಿದಂತಾಗಿ ಎದ್ದು ಕೂರುತ್ತಿದ್ದೆ. ಅವರ ಬಾಯಿಯ ಹತ್ತಿರ ಮೂಗು ತಂದು ವಾಸನೆ ನೋಡುತ್ತಿದ್ದೆ. ಹಣೆ ಮುಟ್ಟಿ ಬೆವರಿದೆಯೇ ಎಂದು ನೋಡುತ್ತಿದ್ದೆ. ಅವರೂ ಎಚ್ಚರವಾಗಿಯೇ ಇರುತ್ತಿದ್ದರು. ಸಕ್ಕರೆ ಇಳಿಯುತ್ತ ಬಂದಂತೆ ಎದ್ದು ಹೋಗುವುದು ಕಡಿಮೆಯಾಯಿತು, ಭಯ ಮಾತ್ರ ಕಡಿಮೆಯಾಗಲಿಲ್ಲ. "ಬದುಕೀನಿ, ಮಲಕೋ" ಎನ್ನುತ್ತಿದ್ದರು. ಆಗ ಮಾತು ಶುರುವಾಗುತ್ತಿತ್ತು. ಒಂದು ವರ್ಷ ಆಡದ ಮಾತುಗಳೆಲ್ಲ ಆಗ ಬಂದವು. ನಾನು ಅವರನ್ನು ಬಿಟ್ಟು ಬಳ್ಳಾರಿಗೆ ಹೋಗಿಬಿಡುತ್ತೇನೆಂದು ಹೆದರಿದ್ದರಂತೆ. ಅವರಿಗೆ ನಾನು ಬೇಸರವಾಗಿದ್ದೇನೆಂದು ನಾನು ಎಣಿಸಿದ್ದೆ. ಡಾಕ್ಟರ ವ್ರತದಿಂದ ಒಂದು ಲಾಭವಾಯಿತು: ಗೋಡೆಯ ಕಡೆ ತಿರುಗಲು ಅವರಿಗೆ ಕಾರಣ ಉಳಿಯಲಿಲ್ಲ.

ಕೇಳುವವರು ಇದ್ದೇ ಇರುತ್ತಾರೆ, ಆದ್ದರಿಂದ ಹೇಳಿಬಿಡುತ್ತೇನೆ. ಅದು ಮರಳಿತು, ಆದರೆ ಪೂರ್ತಿ ಅಲ್ಲ. ಕೆಲವು ದಿನ ಆಗುತ್ತಿತ್ತು, ಕೆಲವು ದಿನ ಆಗುತ್ತಿರಲಿಲ್ಲ. ಸಕ್ಕರೆ ಏರಿದ ವಾರಗಳಲ್ಲಿ ಖಂಡಿತ ಆಗುತ್ತಿರಲಿಲ್ಲ, ನೀಲಿ ದ್ರಾವಣ ಕಾಯಿಸದೆಯೇ ನಮಗೆ ಅದು ತಿಳಿಯುತ್ತಿತ್ತು. ಆಗದ ದಿನ ಏನು ಮಾಡಬೇಕೆಂದು ಕಲಿತೆವು. ಗಂಡ-ಹೆಂಡಿರ ನಡುವೆ ಸುಖಕ್ಕೆ ಒಂದೇ ಬಾಗಿಲಿಲ್ಲ. ಇದನ್ನು ಯಾವ ಅಂಜಿಕೆಯೂ ಇಲ್ಲದೆ ಬರೆಯುತ್ತೇನೆ, ಏಕೆಂದರೆ ಇದನ್ನು ಓದುವ ಯಾವನೋ ಒಬ್ಬ ಈಗಲೂ ಊರಾಚೆಯ ಡೇರೆಯ ಮುಂದೆ ನಿಂತಿರಬಹುದು. ಮೊದಲು ಮೂತ್ರ, ರಕ್ತ ತೋರಿಸಪ್ಪ. ಮಿಕ್ಕದ್ದು ಆಮೇಲೆ.

ಶ್ರಾವಣ ಬಂತು. ಒಂದು ದಿನ ಡಾಕ್ಟರ ಬಳಿ ಹೋದಾಗ ನಳಿಕೆಯಲ್ಲಿ ನೀಲಿ ನೀಲಿಯಾಗಿಯೇ ಉಳಿಯಿತು. ಕುದಿಯುವವರೆಗೆ ನೋಡಿದೆ, ಬಣ್ಣ ಕದಲಲಿಲ್ಲ. ಅವತ್ತು ಇಬ್ಬರೂ ನಡೆದೇ ಮನೆಗೆ ಬಂದೆವು. ಮಧ್ಯೆ ಸೋನೆ ಹಿಡಿದು ಒದ್ದೆಯಾದೆವು. ಜೋಳದ ರೊಟ್ಟಿ, ಹೆಸರುಬೇಳೆ ಉಂಡೆವು. ಹಾಸಿಗೆಯಲ್ಲಿ ಅವರು ಏನೋ ಮಿಲ್ಲಿನ ಜಗಳದ ಕಥೆ ಹೇಳುತ್ತಿದ್ದರು. ಅದರ ಕೊನೆ ನನಗೆ ಗೊತ್ತಿಲ್ಲ.

ಬಾಗಿಲು ದಡದಡ ಬಡಿದಾಗ ಕಣ್ಣು ಬಿಟ್ಟೆ. ಕಿಟಕಿಯ ಬಿಸಿಲು ಆಗಲೇ ಗೋಡೆಯಿಂದ ಇಳಿದು ಹಾಸಿಗೆಯ ಮೇಲೆ ಬಂದಿತ್ತು.

"ಏನ್ರೋ, ಸತ್ತೀರೋ ಬದುಕೀರೋ?" ಹೊರಗಿನಿಂದ ಅತ್ತೆಯ ಕೂಗು. "ಹೊತ್ತು ಮಾರುದ್ದ ಏರ್ಯದ!"

ಪಕ್ಕದಲ್ಲಿ ನಮ್ಮವರು ಕಣ್ಣುಜ್ಜಿಕೊಳ್ಳುತ್ತಿದ್ದರು. ಕೆನ್ನೆಯ ಮೇಲೆ ದಿಂಬಿನ ಗೆರೆ ಬಿದ್ದಿತ್ತು.

"ರಾತ್ರಿ ನೀ ಎದ್ದು ನೋಡಲಿಲ್ಲೇನು?"

"ಇಲ್ಲ. ನೀವು?"

"ನನಗೂ ಎಚ್ಚರ ಇಲ್ಲ" ಎಂದರು.